ಮಲ್ಲೇಶಗೌಡರ ಆದಾಯ ಪತ್ರ

ನನ್ನ ಕುರ್ಚಿಗೆ ಈಗ ಬಂದಿರುವ ಹುಡುಗಿ ಹೋದ ವಾರ ಫೋನ್ ಮಾಡಿದ್ದಳು. "ಮೇಡಂ, ಮಕ್ಕಳನ್ನ ಓದಿಸೋಕೆ ಒಟ್ಟು ಎಷ್ಟಾಗುತ್ತೆ ಅಂತ ಅಪ್ಪ ಅಮ್ಮ ಕೇಳ್ತಾರೆ. ಫೀಸ್ ಪಟ್ಟಿ ತೋರಿಸಿದ್ರೆ ಮುಖ ಸಣ್ಣ ಮಾಡ್ಕೊಂಡು ಹೋಗ್ತಾರೆ. ಸ್ಕಾಲರ್‌ಶಿಪ್ ಬರುತ್ತೆ ಅಂದ್ರೆ, ಹಾಗಾದ್ರೆ ಪೂರ್ತಿ ಫ್ರೀ ಅಲ್ವಾ ಅಂತಾರೆ. ಏನು ಹೇಳ್ಲಿ?" ಎಂದಳು. ಮೂವತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತವಳು ನಾನು. ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. "ಬರೆದು ಕಳಿಸ್ತೀನಿ ಇರಮ್ಮ" ಎಂದೆ. ಬರೆಯಲು ಕೂತರೆ ಉತ್ತರದ ಬದಲು ನೆನಪೇ ಬರುತ್ತಿದೆ.

ಕೆಲಸ ಸಕಲೇಶಪುರದ ಒಂದು ಪದವಿ ಕಾಲೇಜಿನ ಕಚೇರಿಯಲ್ಲಿ. ಹೆಸರು ಹೇಳುವುದಿಲ್ಲ, ಹೇಳಿದರೆ ನಮ್ಮ ಹಳೆಯ ಪ್ರಿನ್ಸಿಪಾಲರು ಮನೆಗೇ ಬಂದು ಕೂರುತ್ತಾರೆ. ನನ್ನದು ವಿದ್ಯಾರ್ಥಿವೇತನದ ಮೇಜು. ಎಲ್ಲರೂ ನನ್ನನ್ನು "ಸ್ಕಾಲರ್‌ಶಿಪ್ ಸರೋಜಮ್ಮ" ಎನ್ನುತ್ತಿದ್ದರು. ದುಡ್ಡು ಕೊಡುವುದು ಸರ್ಕಾರ, ಬಾರದಿದ್ದರೆ ಬೈಸಿಕೊಳ್ಳುವುದು ಸರೋಜಮ್ಮ. ಬಡ್ತಿಯ ವಿಷಯ ಬೇಡ. ಬಂತು, ಮೇಜು ಮಾತ್ರ ಬದಲಾಗಲಿಲ್ಲ. ನೌಕರಿಯ ಕಡೆಕಡೆಗೆ, ಒಂದು ಆದಾಯ ಪತ್ರದಿಂದಾಗಿ ಒಬ್ಬ ಜಾಣ ಹುಡುಗಿಯ ಎಂಎಸ್ಸಿ ಸೀಟು ಕೈತಪ್ಪುವುದರಲ್ಲಿತ್ತು. ಅದರಲ್ಲಿ ನನ್ನ ಬಾಯಿಯ ಪಾಲೂ ಇತ್ತು. ಅದನ್ನು ಹೇಳಲೇಬೇಕು. ಅದಕ್ಕೆ ಮೊದಲು ಕೆಲಸ ಕಲಿತ ಬಗೆ ಹೇಳುತ್ತೇನೆ.

ಸೇರಿದ ಹೊಸತರಲ್ಲಿ ನಮಗೊಬ್ಬರು ಸೂಪರಿಂಟೆಂಡೆಂಟ್ ಇದ್ದರು, ರಾಮಚಂದ್ರಯ್ಯ. ಮೂಗಿನ ತುದಿಯಲ್ಲೇ ಸಿಟ್ಟು. ಮೊದಲ ದಿನ ಒಬ್ಬರು ರೈತರು ಬಂದು ಖರ್ಚು ಎಷ್ಟು ಎಂದು ಕೇಳಿದರು. ನಾನು ಬಾಯಿಪಾಠ ಒಪ್ಪಿಸುವಂತೆ ಫೀಸು ಹೇಳಿದೆ. ಅವರು ಹೋದ ಮೇಲೆ ರಾಮಚಂದ್ರಯ್ಯನವರು ನನ್ನನ್ನು ಕರೆದು, "ಅಮ್ಮಾ, ಫೀಸು ಗೋಡೆ ಮೇಲೂ ಬರ್ದದೆ. ಗೋಡೆ ಮಾಡೋ ಕೆಲಸಕ್ಕೆ ನಿನಗ್ಯಾಕೆ ಸಂಬಳ? ಹುಡುಗ ಎಲ್ಲಿ ಉಣ್ತಾನೆ, ಎಲ್ಲಿ ಮಲಗ್ತಾನೆ, ಯಾವ ಬಸ್ಸಿಗೆ ಬರ್ತಾನೆ ಅಂತ ಕೇಳಿದ್ಯಾ?" ಎಂದರು. ನನಗೆ ಅಳು ಬಂತು. ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಅವರೇ ಕಾಫಿ ತರಿಸಿಕೊಟ್ಟರು.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡೆ. ಯಾರೇ ಬರಲಿ, ಅರ್ಜಿ ಕೊಡುವ ಮೊದಲು ಅವರನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆಯುವುದು. ಮೇಲೆ ಫೀಸು. ಅದರ ಕೆಳಗೆ ಊಟ, ಬಾಡಿಗೆ, ಬಸ್ ಪಾಸು, ಲ್ಯಾಬ್ ಕೋಟು, ರೆಕಾರ್ಡ್ ಪುಸ್ತಕ, ಪರೀಕ್ಷೆ ಶುಲ್ಕ, ಹಬ್ಬಕ್ಕೆ ಊರಿಗೆ ಹೋಗಿ ಬರುವ ಚಾರ್ಜು. ಆಮೇಲೆ ಸರ್ಕಾರದಿಂದ ಬರುವುದನ್ನೆಲ್ಲ ಕಳೆಯುವುದು. ಕೊನೆಗೆ ಉಳಿಯುವುದೇ ಮನೆಯವರು ನಿಜವಾಗಿ ಕೊಡುವ ದುಡ್ಡು. ಅದರ ಪಕ್ಕದಲ್ಲಿ ಇನ್ನೊಂದು ಸಾಲು: ಯಾವ ತಿಂಗಳಲ್ಲಿ ಕೊಡಬೇಕು, ಸರ್ಕಾರದ್ದು ಯಾವ ತಿಂಗಳಲ್ಲಿ ವಾಪಸು ಬರುತ್ತದೆ. ಈ ಎರಡನೇ ಸಾಲನ್ನು ಎಂದೂ ಮರೆಯಬೇಡಿ. ದುಡ್ಡು ಬರುತ್ತದೆ ಎನ್ನುವುದಕ್ಕೂ ಇವತ್ತು ಜೇಬಿನಲ್ಲಿ ಇದೆ ಎನ್ನುವುದಕ್ಕೂ ಒಂದು ಮಳೆಗಾಲದಷ್ಟು ಅಂತರ ಇರುತ್ತದೆ.

ಈ ಹಾಳೆ ಬರೆಯುವಾಗ ನಾನು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು. ಆಲೂರು ಕಡೆಯ ಒಬ್ಬ ತಾಯಿ ಮಗಳನ್ನು ಹಾಸ್ಟೆಲಿಗೆ ಹಾಕಲು ಬಂದಿದ್ದರು. ಊಟದ ಖರ್ಚು ಬರೆಯುತ್ತಿದ್ದ ಹಾಗೆ ನನ್ನ ಪೆನ್ನು ಹಿಡಿದು ನಿಲ್ಲಿಸಿದರು. "ಅಷ್ಟೂ ಯಾಕೆ ಬರೀತೀರಿ? ಇವ್ಳು ಮನೇಲಿದ್ರೂ ಉಣ್ತಿದ್ಲಲ್ಲ. ಆ ಅಕ್ಕಿ ಇದ್ರಲ್ಲಿ ಕಳೀರಿ. ಉಣ್ಣೋದು ಕಮ್ಮಿ ಅಂತ ತಿಳ್ಕಂಬ್ಯಾಡಿ, ನಮ್ ಹಟ್ಟೀಲಿ ಇವ್ಳೇ ಜಾಸ್ತಿ" ಎಂದರು. ಮಗಳು ನೆಲ ನೋಡುತ್ತ ನಿಂತಳು. ನಾನು ಕಳೆದೆ. ಅದೇ ವಾರ ಒಂದು ಎಸ್ಟೇಟಿನ ಕೂಲಿ ಲೈನಿನಿಂದ ಬಂದ ಹೆಂಗಸು ಇದಕ್ಕೆ ಉಲ್ಟಾ ಹೇಳಿದರು. ನಾನು ಹಾಳೆ ಓದಿ ಮುಗಿಸಿದ ಮೇಲೆ, "ಒಂದು ಬಿಟ್ಟೈತೆ ಮೇಡಮ್ಮ. ಇವ ಕಾಫಿ ಕುಯ್ಲಿಗೆ ಬಂದಿದ್ರೆ ಸಿಗ್ತಿದ್ದ ಕೂಲಿ ಯಾರು ಬರೀತಾರೆ?" ಎಂದರು. ಸರಿಯಾದ ಮಾತು. ಅಂದಿನಿಂದ ಹಾಳೆಯಲ್ಲಿ ಅದಕ್ಕೂ ಒಂದು ಸಾಲು ಸೇರಿತು. ಆಕೆ ಮಗನನ್ನು ಓದಿಸಿದರು, ಕುಯ್ಲಿನ ಎರಡು ತಿಂಗಳು ಶನಿವಾರ ಭಾನುವಾರ ತಪ್ಪದೆ ಕೆಲಸಕ್ಕೂ ಕರೆದುಕೊಂಡು ಹೋದರು.

ಆಮೇಲೆ ಕಂಪ್ಯೂಟರ್ ಬಂತು. ಮೊದಲೆಲ್ಲ ಅರ್ಜಿಗಳನ್ನು ಕಟ್ಟು ಕಟ್ಟಿ ಹಾಸನಕ್ಕೆ ಹೊತ್ತುಕೊಂಡು ಹೋಗಿ, ಚೆಕ್ ಬಂದ ಮೇಲೆ ಮಕ್ಕಳನ್ನು ಸಾಲು ನಿಲ್ಲಿಸಿ ಸಹಿ ಹಾಕಿಸಿಕೊಂಡು ಕೊಡುತ್ತಿದ್ದೆವು. ಈಗ ದುಡ್ಡು ನೇರ ಖಾತೆಗೆ. ಒಳ್ಳೆಯದೇ ಆಯಿತು, ಮಧ್ಯದವರ ಕೈ ತಪ್ಪಿತು. ಆದರೆ ಯಾವ ಖಾತೆಗೆ ಎನ್ನುವುದು ದೇವರಿಗೇ ಗೊತ್ತು. ಒಬ್ಬ ಹುಡುಗನಿಗೆ ಎರಡು ವರ್ಷ ನಯಾಪೈಸೆ ಬರಲಿಲ್ಲ. ಅವನ ಅಪ್ಪ ಬಂದು ನನ್ನನ್ನು ನೋಡಿದ ರೀತಿಗೆ ನಾನೇ ತಿಂದಿದ್ದೇನೋ ಎಂದು ನನಗೇ ಅನುಮಾನ ಬಂತು. ಹುಡುಕಿ ಹುಡುಕಿ ನೋಡಿದರೆ, ಅವನು ಹೊಸ ಸಿಮ್ ತೆಗೆದುಕೊಳ್ಳುವಾಗ ಬೆರಳು ಒತ್ತಿದ್ದಾನೆ, ಅಂಗಡಿಯವನು ಅವನ ಹೆಸರಿನಲ್ಲಿ ಒಂದು ಮೊಬೈಲ್ ಖಾತೆಯನ್ನೂ ತೆರೆದುಬಿಟ್ಟಿದ್ದಾನೆ, ಆಧಾರ್ ಅದಕ್ಕೇ ಅಂಟಿಕೊಂಡಿದೆ. ಎರಡು ವರ್ಷದ ದುಡ್ಡು ಅವನ ಜೇಬಿನ ಫೋನಿನಲ್ಲೇ ಕೂತಿತ್ತು. ಅಪ್ಪ ಮಗ ಇಬ್ಬರೂ ನನ್ನ ಮೇಜಿನ ಮುಂದೆಯೇ ಕುಣಿದಾಡಿಬಿಟ್ಟರು. ಹೊಸಬರು ಇದನ್ನು ನೆನಪಿಡಿ, ಅರ್ಜಿ ತುಂಬುವ ಮೊದಲು ಆಧಾರ್ ಯಾವ ಖಾತೆಗೆ ಸೇರಿದೆ ಎಂದು ನೋಡಿ.

ಇನ್ನು ಆದಾಯ ಪತ್ರ. ಈ ಮೇಜಿನ ಅರ್ಧ ಪುರಾಣ ಅದೇ. ನಾಡಕಚೇರಿಯಲ್ಲಿ ಕೊಡುವ ಆ ಒಂದು ಹಾಳೆಯ ಸಂಖ್ಯೆ ಸರ್ಕಾರದ ಮಿತಿಯ ಕೆಳಗಿದ್ದರೆ ಫೀಸಿನಲ್ಲಿ ವಿನಾಯಿತಿ, ಸರ್ಕಾರಿ ಹಾಸ್ಟೆಲು, ಎಲ್ಲ. ಮೇಲಿದ್ದರೆ ಏನೂ ಇಲ್ಲ. ಒಮ್ಮೆ ಕೊಟ್ಟರೆ ಐದು ವರ್ಷ ಅದೇ ಪತ್ರ. ಕಾರಿನಲ್ಲಿ ಬಂದಿಳಿದ ಒಬ್ಬ ದೊಡ್ಡ ಕಾಫಿ ಪ್ಲಾಂಟರು ನನ್ನ ಮುಂದೆ ಇಟ್ಟ ಪತ್ರ ನೋಡಿದ್ದೇನೆ. ಅದರ ಪ್ರಕಾರ ಅವರ ಮನೆಯ ವರ್ಷದ ಆದಾಯ ಅವರ ಕಾರಿನ ಒಂದು ಚಕ್ರಕ್ಕೂ ಸಾಲದು. "ಇಷ್ಟರಲ್ಲಿ ಹೇಗೆ ಜೀವನ ಮಾಡ್ತೀರಿ ಸಾರ್?" ಎಂದು ಕೇಳಿದೆ. "ಕಷ್ಟ ಮೇಡಂ" ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಸರ್ಕಾರದ ಮೊಹರು ಇರುವ ಪತ್ರ, ನಾನೇನು ಮಾಡಲಿ? ಮೈ ಪರಚಿಕೊಳ್ಳುವುದೊಂದೇ ನನ್ನ ಪಾಲಿಗಿದ್ದ ಅಧಿಕಾರ.

ಹೀಗೆ ಮೈ ಪರಚಿಕೊಂಡು ಕೂತಿದ್ದ ಒಂದು ದಿನವೇ ಮಲ್ಲೇಶಗೌಡರು ಬಂದದ್ದು. ಕುಂದೂರು ಹೋಬಳಿಯ ಒಂದು ಹಳ್ಳಿಯವರು, ಎರಡು ಎಕರೆ ಕಾಫಿ, ಒಂದಿಷ್ಟು ಗದ್ದೆ. ಮಗಳು ಸಿಂಚನ ನಮ್ಮಲ್ಲಿ ಬಿಎಸ್ಸಿ ಕೊನೆಯ ವರ್ಷ. ಕಾಲೇಜಿಗೇ ಕೆಮಿಸ್ಟ್ರಿಯಲ್ಲಿ ಮೊದಲು. ಹಳೆಯ ಆದಾಯ ಪತ್ರದ ಅವಧಿ ಮುಗಿದು ಹೊಸದು ತಂದಿದ್ದರು. ನೋಡುತ್ತೇನೆ, ಸಂಖ್ಯೆ ಮಿತಿಗಿಂತ ಎಷ್ಟೋ ಮೇಲೆ. "ಗೌಡ್ರೆ, ಇದಕ್ಕೆ ಈ ವರ್ಷ ಏನೂ ಬರಲ್ಲ" ಎಂದೆ. "ಬರ್ದೆ ಇದ್ರೆ ಬ್ಯಾಡ ಬಿಡಿ ಮೇಡಂ. ಈ ಸಲ ಕಾಫಿಗೆ ರೇಟ್ ಬಂದೈತೆ. ಬಂದಿದ್ನ ಬಂತು ಅಂತ ಬರ್ಸಿದೀನಿ" ಎಂದರು. ಹೌದು, ಆ ವರ್ಷ ಕಾಫಿಗೆ ಎಂದೂ ಕಾಣದ ಬೆಲೆ ಬಂದಿತ್ತು.

ನನಗೆ ಏನಾಯಿತೋ. ಎದ್ದು ನಿಂತು ಆ ಪತ್ರವನ್ನು ಎತ್ತಿ ಹಿಡಿದು, ಸಾಲಿನಲ್ಲಿದ್ದ ಇಪ್ಪತ್ತು ಜನಕ್ಕೂ ಕೇಳುವ ಹಾಗೆ, "ನೋಡ್ರಪ್ಪಾ, ಮನುಷ್ಯ ಅಂದ್ರೆ ಹೀಗಿರಬೇಕು. ಸರ್ಕಾರಕ್ಕೆ ಸುಳ್ಳು ಹೇಳದೆ ಇರೋ ಒಬ್ಬರನ್ನ ಈ ಮೇಜಲ್ಲಿ ಇವತ್ತು ನೋಡಿದೆ" ಎಂದು ಭಾಷಣ ಮಾಡಿಬಿಟ್ಟೆ. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಗೌಡರು ಕೈ ಮುಗಿದು ಬೇಗ ಬೇಗ ಹೊರಟುಹೋದರು. ಎಂಥ ವಿನಯ ಎಂದುಕೊಂಡೆ.

ಕೆಲವು ತಿಂಗಳಾದ ಮೇಲೆ ಸಿಂಚನಳಿಗೆ ಮೈಸೂರಿನಲ್ಲಿ ಎಂಎಸ್ಸಿ ಸೀಟು ಸಿಕ್ಕಿತು, ಮೆರಿಟ್ಟಿನಲ್ಲಿ. ನಮ್ಮ ಕಾಲೇಜಿಗೆಲ್ಲ ಸಿಹಿ ಹಂಚಿದಳು. ಎರಡು ದಿನ ಬಿಟ್ಟು ಅಪ್ಪ ಮಗಳು ನನ್ನ ಹತ್ತಿರ ಬಂದರು. ನಮ್ಮ ಕಾಲೇಜಿಗೆ ಸಂಬಂಧವಿಲ್ಲದ ವಿಷಯಕ್ಕೂ ನನ್ನ ಹಾಳೆ ಬರೆಸಿಕೊಂಡು ಹೋಗುವ ರೂಢಿ ಜನಕ್ಕೆ ಆಗಿಬಿಟ್ಟಿತ್ತು. ಬರೆದೆ. ಫೀಸು ಇಪ್ಪತ್ತು ಸಾವಿರದ ಆಸುಪಾಸು. ರೂಮು, ಊಟ ತಿಂಗಳಿಗೆ ಏಳು ಸಾವಿರ, ಹತ್ತು ತಿಂಗಳಿಗೆ ಎಪ್ಪತ್ತು. ಬಸ್ಸು, ಪುಸ್ತಕ, ಮೇಲುಖರ್ಚು ಹನ್ನೆರಡು. ವರ್ಷಕ್ಕೆ ಒಂದು ಲಕ್ಷ ದಾಟಿತು, ಎರಡು ವರ್ಷ. ಇದೇ ಹುಡುಗಿ ಮಿತಿಯ ಕೆಳಗಿದ್ದಿದ್ದರೆ ಹಾಸ್ಟೆಲು, ಊಟ ಎರಡೂ ಸರ್ಕಾರದ್ದು, ಫೀಸಿನಲ್ಲೂ ಬಹುಪಾಲು ವಾಪಸು, ಮನೆಯಿಂದ ಹೋಗುವುದು ವರ್ಷಕ್ಕೆ ಹದಿನೆಂಟು ಸಾವಿರ. ನೋಡಿ, ಓದಿನ ಖರ್ಚು ಓದಿನಲ್ಲಿ ಇರುವುದಿಲ್ಲ, ಅನ್ನದಲ್ಲಿ, ಮಂಚದಲ್ಲಿ ಇರುತ್ತದೆ.

"ನಿಮಗೇನು ಗೌಡ್ರೆ, ಈ ಸಲ ಕಾಫಿ ಕೈ ಹಿಡಿದಿದೆ" ಎಂದೆ. ಸಿಂಚನ ಥಟ್ಟನೆ, "ಮೇಡಂ, ನಂಗೆ ಕೆಮಿಸ್ಟ್ರಿ ಅಷ್ಟೊಂದು ಇಷ್ಟ ಇಲ್ಲ. ಹಾಸನದಲ್ಲಿ ಬಿ.ಎಡ್ ಮಾಡ್ತೀನಿ, ಮನೆಯಿಂದ್ಲೇ ಓಡಾಡ್ಬೌದು" ಎಂದಳು. ಸಿಹಿ ಹಂಚಿದ ಹುಡುಗಿ ಎರಡೇ ದಿನಕ್ಕೆ ಹೀಗೆ ಹೇಳುತ್ತಿದ್ದಾಳಲ್ಲ ಎಂದು ನನಗೆ ವಿಚಿತ್ರ ಎನಿಸಿತು. ಗೌಡರು ಮಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಬಾ ಎಂದು ಕಳಿಸಿ, ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು.

"ಮೇಡಂ, ಆ ದುಡ್ಡು ನನ್ತಾವ ಇಲ್ಲ" ಎಂದರು. "ಬಂದೇ ಇಲ್ಲ."

ಆದದ್ದು ಇಷ್ಟು. ಮಲ್ಲೇಶಗೌಡರು ತಮ್ಮ ಊರಿನಲ್ಲಿ ಕಾಫಿ ರೇಟಿನ ಪಂಡಿತರು. ದಿನಾ ಬೆಳಿಗ್ಗೆ ಫೋನಿನಲ್ಲಿ ಲಂಡನ್ ಮಾರುಕಟ್ಟೆಯ ಕಾಫಿ ರೇಟು ನೋಡಿ ಟೀ ಅಂಗಡಿಯಲ್ಲಿ ಊರಿಗೆಲ್ಲ ಬುದ್ಧಿ ಹೇಳುವುದು ಅವರ ಅಭ್ಯಾಸ. ಆ ವರ್ಷ ಕುಯ್ಲು ಮುಗಿದಾಗ, "ಯಾರೂ ಮಾರ್ಬ್ಯಾಡಿ, ಕಾಯಿರಿ, ಏರ್ತದೆ" ಎಂದು ಊರಿಗೆಲ್ಲ ಸಾರಿದ್ದಾರೆ. ನಡುವೆ ನಾಲ್ಕು ದಿನ ರೇಟು ಇಳಿದಿದೆ. ಇವರಿಗೆ ಎದೆ ಧಸಕ್ ಎಂದು, ಆಲೂರಿನ ವ್ಯಾಪಾರಿಗೆ ಗುಟ್ಟಾಗಿ ಇದ್ದಬದ್ದ ಮೂಟೆಯನ್ನೆಲ್ಲ ಮಾರಿದ್ದಾರೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ಮರುವಾರವೇ ರೇಟು ಏರಲು ಶುರುವಾಗಿ ನಿಲ್ಲಲೇ ಇಲ್ಲ. ಕಾದವರೆಲ್ಲ ಬದುಕಿಕೊಂಡರು. "ಮಲ್ಲೇಶಣ್ಣ ಹೇಳಿದ್ಕೆ ನಾವು ಉಳ್ಕಂಡ್ವಿ" ಎಂದು ಊರೆಲ್ಲ ಕೊಂಡಾಡಿತು. ಅದೇ ಹೊತ್ತಿಗೆ ಗ್ರಾಮ ಆಡಳಿತ ಅಧಿಕಾರಿ ಟೀ ಅಂಗಡಿಯಲ್ಲಿ ಎಲ್ಲರ ಎದುರಿಗೆ, "ಗೌಡ್ರೆ, ನಿಮಗೆ ಈ ಸಲ ಎಷ್ಟು ಉಳೀತು?" ಎಂದು ಕೇಳಿದ್ದಾರೆ. ಇವರು ಏರಿದ ರೇಟಿಗೆ ಗುಣಿಸಿ ಹೇಳಿದ್ದಾರೆ. ಅದೇ ಸಂಖ್ಯೆ ಆದಾಯ ಪತ್ರಕ್ಕೂ ಹೋಗಿದೆ.

"ಸರಿ ಮಾಡಿಸ್ಬೌದು" ಎಂದೆ. "ತಹಶೀಲ್ದಾರರಿಗೆ ಅರ್ಜಿ ಕೊಡಿ. ಅಧಿಕಾರಿ ನಿಮ್ಮ ಊರಿಗೆ ಬಂದು ಮಹಜರು ಮಾಡ್ತಾರೆ. ಪಂಚರ ಎದುರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಅವರು ಸಹಿ ಹಾಕ್ತಾರೆ."

"ಅದೇ ಆಗದು. ಪಂಚರು ಯಾರು? ನಾನು ಕಾಯಿರಿ ಅಂತ ಹೇಳಿದೋರೇ. ತೋಟದ ಸಿಲ್ವರ್ ಓಕ್ ಮರ ಕಡ್ದು ಮಾರಿ ಓದಿಸ್ತೀನಿ ಮೇಡಂ."

"ಈ ವರ್ಷಕ್ಕೆ ಮರ. ಮುಂದಿನ ವರ್ಷಕ್ಕೆ?"

ಅವರು ಹಾಳೆಯನ್ನು ಮಡಿಚಿ ಜೇಬಿಗೆ ಇಟ್ಟುಕೊಂಡರು. ಆಮೇಲೆ, ನನ್ನನ್ನು ದೂರುವ ಧ್ವನಿಯಲ್ಲೂ ಅಲ್ಲ, ಸುಮ್ಮನೆ, "ಅವತ್ತು ಈ ಪತ್ರ ಕೊಡೋವಾಗ್ಲೇ ನಿಮಗೆ ನಿಜ ಹೇಳ್ಬುಡಣ ಅಂತ ಬಂದಿದ್ದೆ. ಸಾಲಲ್ಲಿ ಜನ ನೋಡಿ ಬಾಯಿಗೆ ಬಂದಿದ್ದು ಅಂದೆ, ನೀವು ಎದ್ದು ನಿಂತು ಹೊಗಳ್ಬುಟ್ರಿ" ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಯಾರೋ ಪ್ಲಾಂಟರ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳಲು ಈ ಮನುಷ್ಯನನ್ನು ಎತ್ತರದಲ್ಲಿ ಕೂರಿಸಿ ಏಣಿ ತೆಗೆದುಬಿಟ್ಟಿದ್ದೆ. ಅಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ತಪ್ಪು ಮಾಡಿದ್ದೇನೆ, ಯಾವುದಕ್ಕೂ ಅಷ್ಟು ನಾಚಿಕೊಂಡಿಲ್ಲ. "ಗೌಡ್ರೆ, ನನ್ನದು ತಪ್ಪಾಯ್ತು. ಮಹಜರಿನ ದಿನ ನಾನೂ ರಜೆ ಹಾಕಿ ಬರ್ತೀನಿ. ನಿಮ್ಮ ಜೊತೆ ನಿಂತ್ಕೊಳ್ತೀನಿ" ಎಂದೆ. ಅವರು ಜೆರಾಕ್ಸ್ ಹಿಡಿದು ಬಂದ ಮಗಳ ಜೊತೆ ಎದ್ದು ಹೋದರು. ನಾಲ್ಕನೆಯ ದಿನ ಫೋನ್ ಬಂತು. "ಅರ್ಜಿ ಕೊಟ್ಟೆ ಮೇಡಂ. ಗುರುವಾರ ಬರ್ತಾರಂತೆ." ಹಾಸ್ಟೆಲಿನ ಅರ್ಜಿಗೆ ಇನ್ನು ಹದಿನೈದೇ ದಿನ ಉಳಿದಿತ್ತು.

ಗುರುವಾರ ಆಲೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೋದೆ. ಗೌಡರ ಮನೆಯ ಮುಂದಿನ ಕಾಫಿ ಕಣದಲ್ಲಿ ಚಾಪೆ ಹಾಸಿದ್ದರು. ಅಧಿಕಾರಿ, ಮೂವರು ಪಂಚರು, ಟೀ ಕೊಡುತ್ತಿದ್ದ ಗೌಡರ ಹೆಂಡತಿ ಜಯಮ್ಮ, ಬಾಗಿಲಲ್ಲಿ ಸಿಂಚನ. ಪಂಚರಲ್ಲಿ ಹಿರಿಯರು ನಂಜೇಗೌಡರು ಎಂಬವರು, ಎಂಬತ್ತರ ಹತ್ತಿರದವರು. ಅಧಿಕಾರಿ ಕಾಗದ ಬಿಚ್ಚಿ, "ಹೇಳಿ ಗೌಡ್ರೆ, ಪತ್ರದಲ್ಲಿ ಏನು ತಪ್ಪಾಗಿದೆ?" ಎಂದರು.

ಗೌಡರು ನಿಂತೇ ಇದ್ದರು. ಟವೆಲ್ಲನ್ನು ಹೆಗಲಿಂದ ತೆಗೆದು ಕೈಗೆ ಸುತ್ತಿಕೊಂಡರು, ಮತ್ತೆ ಹೆಗಲಿಗೆ ಹಾಕಿಕೊಂಡರು. "ನಾನು ಕಾದಿರ್ಲಿಲ್ಲ" ಎಂದರು. "ನಿಮ್ಗೆಲ್ಲ ಕಾಯಿರಿ ಅಂದು ನಾನು ಮಾರ್ಬುಟ್ಟಿದ್ದೆ. ರೇಟ್ ಬಿದ್ದಾಗ. ಬಂದಿದ್ದು ಗೊಬ್ಬರಕ್ಕೂ ಕೂಲಿಗೂ ಸರಿಹೋಯ್ತು."

ನಂಜೇಗೌಡರು ಟೀ ಲೋಟ ಕೆಳಗಿಟ್ಟರು. "ಗೊತ್ತು ಕಣ್ಲಾ ಮಲ್ಲೇಶ" ಎಂದರು.

"ಏನ್ ಗೊತ್ತು?"

"ಮೂಟೆಗೆ ಹೊಟ್ಟು ತುಂಬ್ಸಿ ಜಗ್ಲಿ ಮೇಲೆ ಜೋಡ್ಸಿದ್ದೆ. ಮಳೆ ಹನಿ ಬಂದಾಗ ಒಂದೊಂದು ಕೈಯಾಗೆ ಒಂದೊಂದು ಮೂಟೆ ಹಿಡ್ಕಂಡು ಒಳಕ್ಕೆ ಓಡ್ದೆ. ಐವತ್ತು ಕೆಜಿ ಮೂಟೆನ ಹಂಗೆ ಎತ್ತಕ್ಕೆ ನೀನೇನು ಭೀಮಸೇನನಾ? ಅವತ್ತೇ ಊರಿಗೆಲ್ಲ ಗೊತ್ತಾಯ್ತು."

"ಗೊತ್ತಿದ್ರೂ ಯಾಕೆ ಮಾರ್ದೆ ಕಾದ್ರಿ?"

"ನೀನು ಮಾರಿದ್ದು ಗೊತ್ತಾಗಿದ್ಕೇ ಕಾದಿದ್ದು ಮಾರಾಯ. ಇಪ್ಪತ್ತು ವರ್ಷದಿಂದ ನೋಡ್ತಾ ಇದೀವಿ. ನೀನು ಹೇಳೋದು ಯಾವಾಗ್ಲೂ ಸರಿಯಾಗ್ತೈತೆ, ನೀನು ಮಾಡೋದು ಯಾವಾಗ್ಲೂ ತಪ್ಪಾಗ್ತೈತೆ. ನೀನು ಮಾರಿದ್ರೆ ರೇಟ್ ಏರ್ತದೆ, ಇದು ನಮ್ಮೂರ್ನಾಗೆ ಕೂಸಿಗೂ ಗೊತ್ತು."

ಉಳಿದ ಇಬ್ಬರು ಪಂಚರು ಬಿದ್ದು ಬಿದ್ದು ನಕ್ಕರು. ಅಧಿಕಾರಿ ಪೆನ್ನು ಬಿಟ್ಟು ನಕ್ಕರು. ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು, ಒಳಗಿಂದಲೂ ನಗು ಕೇಳುತ್ತಿತ್ತು. ಮಲ್ಲೇಶಗೌಡರು ಮೊದಲು ಪೆಚ್ಚಾದರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಪಂಚರು ಒಬ್ಬರಾದ ಮೇಲೆ ಒಬ್ಬರು ಸಹಿ ಹಾಕಿದರು. ಹತ್ತು ದಿನದಲ್ಲಿ ಹೊಸ ಪತ್ರ ಬಂತು, ಹಾಸ್ಟೆಲಿನ ಪಟ್ಟಿಯಲ್ಲಿ ಸಿಂಚನಳ ಹೆಸರೂ ಬಂತು. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಪತ್ರವಲ್ಲ, ನಗು ನಿಂತ ಮೇಲೆ ಅದೇ ಕಣದಲ್ಲಿ ನಡೆದ ಎರಡು ಮಾತು.

ಗೌಡರು ಬಾಗಿಲ ಕಡೆ ತಿರುಗಿ, "ನಿಂಗೂ ಗೊತ್ತಿತ್ತೇನೇ?" ಎಂದು ಮಗಳನ್ನು ಕೇಳಿದರು.

"ಗೊತ್ತಿತ್ತಪ್ಪ."

"ಮತ್ತೆ ಕೆಮಿಸ್ಟ್ರಿ ಬ್ಯಾಡ ಅಂದೆ, ಬಿ.ಎಡ್ ಅಂದೆ?"

ಸಿಂಚನ ಬಾಗಿಲಿನ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಇದನ್ನೆಲ್ಲ ನೀನು ಹಿಂಗೆ ಊರ ಮುಂದೆ ನಿಂತು ಹೇಳ್ಬೇಕಾಗ್ತಿತ್ತಲ್ಲ. ಅಷ್ಟು ಬೆಲೆ ಕೊಟ್ಟು ಯಾಕೆ ಓದ್ಬೇಕು ಅನ್ನಿಸ್ತು" ಎಂದಳು.

ಎಷ್ಟೋ ಮನೆಗಳಿಗೆ ಹಾಳೆ ಬರೆದುಕೊಟ್ಟವಳು ನಾನು, ಈ ಸಾಲನ್ನು ಎಂದೂ ಬರೆದಿರಲಿಲ್ಲ. ಗೌಡರು ಹೋಗಿ ಚಾಪೆಯ ಮೇಲೆ ಕೂತು ತಮ್ಮ ಸಹಿ ಹಾಕಿದರು. ಅಧಿಕಾರಿ ಕಾಗದ ಮಡಿಚುತ್ತಿದ್ದರು, ಇವರು ಅವರ ಕೈ ಹಿಡಿದು ನಿಲ್ಲಿಸಿದರು.

"ಸಾರ್, ನನ್ ಆದಾಯ ಎಷ್ಟು ಅಂತ ಬರ್ದಿದೀರೋ ಅದನ್ನ ಒಂದ್ಸಲ ಗಟ್ಟಿಯಾಗಿ ಓದ್ಬುಡಿ" ಎಂದರು. "ರಸ್ತೆಗೂ ಕೇಳಂಗೆ ಓದಿ."